ಮಣ್ಣಿಗೆ ಕೊಟ್ಟ ಸೀರೆ

ಮುಖ ಬದಲಾಗಬಾರದು. ನನ್ನ ಕಸುಬಿನ ಮೊದಲ ಪಾಠ ಅದು. ಎದುರಿಗೆ ಕೂತವರು ಹೆಂಡತಿಗೆ ಹೊಡೆಯುವುದು ಸರಿ ಎನ್ನಲಿ, ತಪ್ಪು ಎನ್ನಲಿ, ನನ್ನ ಹುಬ್ಬು ಏರಬಾರದು, ತುಟಿ ಬಿಗಿಯಬಾರದು, ತಲೆ ಅಲ್ಲಾಡಬಾರದು. ಹೊಸತರಲ್ಲಿ ಇದನ್ನು ಮನೆಯಲ್ಲಿಯೇ ರೂಢಿ ಮಾಡಿಕೊಂಡೆ. ರೊಟ್ಟಿ ಬಡಿಯುವಾಗ ಗಂಡ ಬಂದು ಏನಾದರೂ ಕುಚೋದ್ಯ ಮಾಡಿದರೂ ಹಂಚಿನ ಕಡೆ ನೋಡುತ್ತ ಹಾಗೇ ಇರುತ್ತಿದ್ದೆ. 'ಗ್ವಾಡಿ ಜೋಡಿ ಸಂಸಾರ ಮಾಡಾಕತ್ತೀನಿ' ಎಂದು ಅವರು ಗೊಣಗಿದರೂ ನಗುತ್ತಿರಲಿಲ್ಲ. ಅಷ್ಟು ಶಿಸ್ತಿನಿಂದ ಕಲಿತ ವಿದ್ಯೆ ಅದು.

ನಾನು ಸಾಮಾಜಿಕ ಮನೋವಿಜ್ಞಾನ ಓದಿದವಳು. ಜನ ಯಾವುದನ್ನು ನೀತಿ ಎನ್ನುತ್ತಾರೆ, ಯಾವುದನ್ನು ಅನೀತಿ ಎನ್ನುತ್ತಾರೆ, ಯಾಕೆ ಹಾಗೆ ಎನ್ನುತ್ತಾರೆ ಎಂದು ಕೇಳುತ್ತ ತಿರುಗುವುದೇ ನನ್ನ ನೌಕರಿ. ಧಾರವಾಡದಲ್ಲಿ ಓದು ಮುಗಿದ ಮೇಲೆ ಒಂದು ಸಂಶೋಧನೆಯ ತಂಡ ಸೇರಿದೆ. ನಮ್ಮೂರ ಮಾತು ಬರುತ್ತದೆಂದು ರೋಣ, ನರಗುಂದ, ಗಜೇಂದ್ರಗಡದ ಸೀಮೆಯನ್ನೇ ನನಗೆ ಕೊಟ್ಟರು. ನಡುವೆ ಬೀಳುತ್ತದೆಂದು ರೋಣದಲ್ಲಿ ಮನೆ ಮಾಡಿದೆವು. ಒಂದು ದಿನ ಪಶ್ಚಿಮಕ್ಕೆ, ಒಂದು ದಿನ ಪೂರ್ವಕ್ಕೆ. ಬ್ಯಾಗಿನಲ್ಲಿ ನೀರಿನ ಬಾಟಲಿ, ಚಟ್ನಿಪುಡಿ ಸವರಿದ ಎರಡು ರೊಟ್ಟಿ, ಉತ್ತರ ರೆಕಾರ್ಡ್ ಮಾಡಿಕೊಳ್ಳಲು ಫೋನು. ಇಷ್ಟು ವರ್ಷ ನಡೆದದ್ದು ಹೀಗೆ.

ನಾವು ಒಂದು ಕಥೆ ಹೇಳಿ ಪ್ರಶ್ನೆ ಕೇಳುತ್ತೇವೆ. ಕಥೆಗಳನ್ನು ಕಟ್ಟುವವರು ನಮ್ಮ ತಂಡದ ಹಿರಿಯರು. ನಾನು ಅವರನ್ನು ಸರ್ ಎನ್ನುತ್ತೇನೆ. ಅವರು ಈ ಕಡೆಯವರಲ್ಲ, ದಕ್ಷಿಣದವರು. ಅವರು ಕಟ್ಟಿದ ಒಂದು ಕಥೆ ಹೀಗಿತ್ತು: ಒಬ್ಬ ಹೆಣ್ಣುಮಗಳು ಊರಿನ ಒಂದು ಪದ್ಧತಿ ಮುರಿದಳು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೂ ನೆರೆಯವರೆಲ್ಲ ಅವಳ ಕೆಲಸಕ್ಕೆ ಕೈ ಹಚ್ಚುವುದನ್ನು ಬಿಟ್ಟರು. ನೆರೆಯವರು ಮಾಡಿದ್ದು ಸರಿಯೋ ತಪ್ಪೋ?

ಮುಶಿಗೇರಿಯಲ್ಲಿ ಒಬ್ಬ ರೈತನಿಗೆ ಈ ಕಥೆ ಹೇಳಿದಾಗ ಆತ ಬೀಡಿ ಆರಿಸಿ ಕೇಳಿದ್ದ:

"ಯಾವೂರಾಗ ಆತ್ರಿ ಇದು?"

"ಇದು ಕಥಿರಿ ಯಜಮಾನರ."

"ಕಥಿನಽ ಇರ್ಲಿ ಬಿಡ್ರಿ. ಯಾವೂರಾಗ?"

ನರಗುಂದದ ಬಜಾರಿನಲ್ಲಿ ಕಾಳಿನ ವ್ಯಾಪಾರಿಯೊಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋದರು. "ಆಕಿ ಯಾರ ಪೈಕಿರಿ? ಅದನ್ನ ಹೇಳ್ರಿ ಮೊದ್ಲ, ಆಮ್ಯಾಲ ತಪ್ಪು ಒಪ್ಪು ನೋಡೂಣಂತ." ಸರ್ ಮುಂದೆ ಇದನ್ನು ಹೇಳಿದಾಗ ಅವರು ನಕ್ಕು, "ಊರು, ಹೆಸರು, ಪೈಕಿ ಏನೂ ಹೇಳಬಾರದು ಕಣಮ್ಮ. ಹೇಳಿದ್ರೆ ಉತ್ತರ ಕೆಟ್ಟುಹೋಗುತ್ತೆ" ಎಂದರು. ನಾನು ಹೇಳಲಿಲ್ಲ. ಕಥೆಗೆ ಊರಿಲ್ಲ ಎಂದು ನಾನೂ ನಂಬಿಕೊಂಡೇ ಇದ್ದೆ.

ಗಜೇಂದ್ರಗಡದ ನೇಕಾರರ ಓಣಿ ನಾನು ಹುಟ್ಟಿದ ಓಣಿ. ತಾಯಿ ತೀರಿದ ಮೇಲೆ ನನಗೆ ತವರು ಎಂದರೆ ಅಲ್ಲಿರುವ ಚಿಗವ್ವನ ಮನೆ. ಚಿಗವ್ವ ಅಂದರೆ ನಮ್ಮವ್ವನ ತಂಗಿ. ಗಂಡ ತೀರಿ ಬಹಳ ವರ್ಷವಾಯಿತು, ಮಗಳು ಮದುವೆಯಾಗಿ ಸೂಡಿಗೆ ಹೋದಳು. ಚಿಗವ್ವ ಮಾತ್ರ ತನ್ನ ಕುಣಿಮಗ್ಗ ಬಿಟ್ಟವಳಲ್ಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಲಾಳಿ ಆ ಕಡೆ ಈ ಕಡೆ ಓಡುತ್ತಿರುತ್ತದೆ, ಬಾಯಿ ನನ್ನ ಜೊತೆ ಮಾತಾಡುತ್ತಿರುತ್ತದೆ. ಅವಳು ನೇಯ್ದ ಸೀರೆಯನ್ನು ಎಷ್ಟು ಮದುಮಕ್ಕಳು ಉಟ್ಟಿದ್ದಾರೋ. ಅದೇ ಚಿಗವ್ವ ಆ ಮದುವೆಗಳಲ್ಲಿ ಅರಿಶಿನ ಹಚ್ಚಲು ಮುಂದೆ ಹೋಗುವಂತಿಲ್ಲ, ಹಿಂದೆ ನಿಲ್ಲಬೇಕು. ಸೀರೆ ನಡೆಯುತ್ತದೆ, ಸೀರೆ ನೇಯ್ದ ಕೈ ನಡೆಯುವುದಿಲ್ಲ. ಈ ಸಿಟ್ಟು ನನಗೆ ಹಳೆಯದು. ಈಗ ಹೇಳಹೊರಟಿರುವುದು ಬೇರೆ ಸಿಟ್ಟು.

ನಮ್ಮ ಓಣಿಯಲ್ಲಿ ಯಾರಾದರೂ ಸತ್ತರೆ ಹೆಣ ಹೊರಗೆ ಹೋಗುವ ತನಕ ಮಗ್ಗ ನಿಲ್ಲಬೇಕು. ಮೊದಲ ಅಳು ಕೇಳಿದ ಕೂಡಲೇ ಲಾಳಿ ಕೆಳಗಿಟ್ಟು ಕುಣಿಯಿಂದ ಎದ್ದುಬಿಡುತ್ತಾರೆ. ದಿನವಿಡೀ ಖಟಖಟ ಎನ್ನುವ ಓಣಿ ಒಮ್ಮೆಲೇ ಸುಮ್ಮನಾಗುವುದು, ಆ ಸುಮ್ಮನಿರುವಿಕೆ ಮನೆಯಿಂದ ಮನೆಗೆ ಹಬ್ಬುತ್ತ ಬರುವುದು ನನಗೆ ಸಣ್ಣಂದಿನಿಂದ ಗೊತ್ತು. ಊರ ಹೊರಗಿದ್ದವರಿಗೂ ಅದರಿಂದಲೇ ಸಾವು ತಿಳಿಯುತ್ತಿತ್ತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಓಣಿಯ ದೊಡ್ಡಮನೆಯ ಅಜ್ಜಿ ತೀರಿಕೊಂಡಳು. ಗಂಡ ಇದ್ದಾನೆ, ಮುತ್ತೈದೆ ಸಾವು, ಪುಣ್ಯವಂತೆ ಎಂದರು. ಅವಳ ಹಿರಿಯ ಮಗ ನಮ್ಮ ಓಣಿಯ ಹಿರಿಯ. ಸ್ವಂತ ಮಗ್ಗಗಳಿವೆ, ಸೀರೆ ವ್ಯಾಪಾರವಿದೆ, ಕಟ್ಟೆಯ ಮೇಲೆ ಅವನ ಮಾತೇ ಕೊನೆಯ ಮಾತು. ನಾನು ಅವನನ್ನು ಅಣ್ಣಾರ ಎಂದೇ ಕರೆಯುವುದು. ಅಜ್ಜಿಯನ್ನು ಹೊಸ ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮೆರೆಸಿಕೊಂಡು ಒಯ್ದರಂತೆ. ಸೀರೆಯನ್ನು ಇಳಕಲ್ಲಿನ ದೊಡ್ಡ ಅಂಗಡಿಯಿಂದ ತರಿಸಿದ್ದಾಗಿ ಅಣ್ಣಾರು ತಮ್ಮ ಬೀಗರ ಮುಂದೆ ಹೇಳಿದರಂತೆ. ನಾನು ಅಂದು ನರಗುಂದದಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಮುಂದಿನ ರವಿವಾರ ಚಿಗವ್ವನ ಮನೆಗೆ ಹೋದರೆ ಮಗ್ಗ ಬರಿದಾಗಿತ್ತು. ಅವಳು ಗೋಡೆಗೆ ಒರಗಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದಲ್ಲಿ ಹಾಸು ಇಲ್ಲದೆ ಕಂಡಿಕೆ ಸುತ್ತುವುದೆಂದರೆ ಒಲೆ ಹೊತ್ತಿಸದೆ ಹಿಟ್ಟು ನಾದಿದ ಹಾಗೆ.

"ಹಾಸು ಯಾಕ ಹೂಡಿಲ್ಲ ಚಿಗವ್ವ?"

"ಕೈ ಹಚ್ಚಾಕ ಯಾರೂ ಬರವಲ್ರು."

ಹಾಸು ಅಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯುದ್ದಕ್ಕೂ ಚಾಚಿ ಹಿಡಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಒಂದು ಮನೆಯ ಹಾಸು ಚಾಚಿದರೆ ಹತ್ತಿರದ ಮನೆಗಳವರೆಲ್ಲ ಬಂದು ಹಿಡಿಯುತ್ತಾರೆ. ಕರೆಯುವುದಿಲ್ಲ, ಕೂಲಿ ಇಲ್ಲ, ಒಂದು ಕಪ್ ಚಹಾ, ಅಷ್ಟೇ. ನಾಳೆ ಅವರ ಹಾಸು ಹಿಡಿಯಲು ನೀವು ಹೋಗುತ್ತೀರಿ. ಕೈ ನಿಂತರೆ ಮಗ್ಗ ನಿಂತಂತೆ.

"ಯಾಕ ಬರವಲ್ರು?"

"ದೊಡ್ಡಮನಿ ಅಜ್ಜಿ ಹೆಣಾ ಇನ್ನೂ ಎತ್ತಿರಲಿಲ್ಲ. ನಾ ಮಗ್ಗ ನಡಸೀನಂತ."

"ನಡಸಿದ್ದಿ?"

"ನಡಸಿದ್ದೆ."

"ಯಾಕ?"

"ಕೆಲಸಿತ್ತು."

ಅಷ್ಟೇ. ನಾನು ಬೆಳಗಿನಿಂದ ಸಂಜೆಯವರೆಗೆ ಜನರಿಂದ 'ಯಾಕೆ' ಹೊರಗೆಳೆಯುವವಳು. ನಮ್ಮ ಚಿಗವ್ವನಿಂದ ಇನ್ನೊಂದು ಎಳೆ ಎಳೆಯಲಾಗಲಿಲ್ಲ.

ಯಾರೂ ಅವಳನ್ನು ಬೈದಿರಲಿಲ್ಲ. ಬಾಗಿಲಿಗೆ ಬಂದು ಜಗಳ ಮಾಡಿರಲಿಲ್ಲ. ಅಣ್ಣಾರು ಕಟ್ಟೆಯ ಮೇಲೆ ಕೂತು ಒಂದು ಮಾತು ಅಂದಿದ್ದರಂತೆ: "ಸತ್ತವರಿಗೆ ಮರ್ಯಾದಿ ಕೊಡದ ಮನಿಗೆ ನಮ್ಮ ಕೈ ಯಾಕ ಬೇಕ?" ಅಷ್ಟಕ್ಕೆ ಓಣಿಯ ಕೈಗಳೆಲ್ಲ ಜೇಬು ಸೇರಿದವು. ಎದುರುಮನೆಯವಳು ದಿನಾ ಬೆಳಗ್ಗೆ ಕಳಿಸುತ್ತಿದ್ದ ಮಜ್ಜಿಗೆಯ ತಂಬಿಗೆ ಬರುವುದು ನಿಂತಿತು. ಎದುರು ಸಿಕ್ಕರೆ ನಗುತ್ತಾಳೆ, 'ಊಟಾತೇನ್ರಿ' ಎನ್ನುತ್ತಾಳೆ. ಮಜ್ಜಿಗೆ ಮಾತ್ರ ಇಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸೂಡಿಯಿಂದ ಚಿಗವ್ವನ ಮಗಳನ್ನು ಕರೆಸಿದೆವು. ಅವಳು ಗಂಡನ ಬೈಕಿನ ಹಿಂದೆ ಕೂತು ಬಂದಳು. ನಾವು ಮೂವರು ಹೆಂಗಸರು, ಅವಳ ಗಂಡ, ಇಷ್ಟೇ ಜನ ಮರುದಿನ ಬೆಳಗ್ಗೆ ಹಾಸು ಚಾಚಿದೆವು. ಗಂಜಿ ಚೆನ್ನಾಗಿಯೇ ಇತ್ತು. ಆದರೆ ಆ ತುದಿಯಲ್ಲಿ ಕುಂಚ ತಿಕ್ಕುವಷ್ಟರಲ್ಲಿ ಈ ತುದಿ ಬಿಸಿಲಿಗೆ ಒಣಗಿ ಬಿರುಸಾಗುತ್ತಿತ್ತು. ನಡುವೆ ಹಿಡಿಯಲು ಜನವಿಲ್ಲದೆ ಹಾಸು ಜೋತು ಬಿದ್ದು ನೆಲದ ಮಣ್ಣು ಹತ್ತಿತು. ಎಳೆಗೆ ಎಳೆ ಅಂಟಿಕೊಂಡಿತು. ಬಿಡಿಸಹೋದರೆ ಪಟ್ ಪಟ್ ಎಂದು ಹರಿಯಿತು. ಓಣಿಯ ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ಎದುರುಮನೆಯವಳು ಹೊಸ್ತಿಲೊಳಗೆ ನಿಂತು ಕೂಗಿದಳು:

"ಅಯ್ಯ, ಗಂಜಿ ಒಣಗಾಕತ್ತೈತಿ ನೋಡವಾ! ಲಗೂ ತಿಕ್ಕ! ನಡು ಹಿಡೀರಿ, ನಡು!"

ಹೊಸ್ತಿಲು ಮಾತ್ರ ದಾಟಲಿಲ್ಲ.

ಚಿಗವ್ವ ಕೆಟ್ಟ ಹಾಸನ್ನು ಸುತ್ತಿ ಮೂಲೆಗಿಟ್ಟಳು. ಕೈ ತೊಳೆದು ಬಂದು ಹೇಳಿದಳು: "ಅಂಗಡಿಯವರು ಇನ್ನೊಂದು ಹಾಸಿನ ನೂಲು ಕೊಟ್ಟಾರ. ಅದೂ ಹಿಂಗಽ ಆತಂದ್ರ ಮಗ್ಗ ಕಿತ್ತು, ಸೂಡಿಗೆ ಹೋಗತೀನಿ. ಮಗಳ ಮನ್ಯಾಗ ರೊಟ್ಟಿ ಬಡಕೋತ ಕುಂಡ್ರತೀನಿ."

ಮಗಳು ತಲೆ ತಗ್ಗಿಸಿದಳು. ತಾಯಿ ಬಂದರೆ ಅವಳಿಗೆ ಸಂತೋಷವೇ. ಆದರೆ ಲಾಳಿ ಬಿಟ್ಟ ತಾಯಿ ಎಷ್ಟು ದಿನ ಬದುಕುತ್ತಾಳೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂದು ಮಧ್ಯಾಹ್ನ ಸರ್ ಫೋನು ಮಾಡಿದರು. ನಾನು ಬೇಸರದಲ್ಲಿ ಎಲ್ಲ ಹೇಳಿಕೊಂಡೆ. ಅವರ ದನಿ ಒಮ್ಮೆಲೇ ಹುರುಪಾಯಿತು.

"ಅಲ್ರೀ, ನಾವು ಕಥೆಯಾಗಿ ಕೇಳ್ತಿದ್ದದ್ದೇ ನಿಮ್ಮ ಕಣ್ಣೆದುರಿಗೆ ನಡೀತಿದೆ! ಇಂಥದ್ದು ಹುಡುಕಿಕೊಂಡು ಹೋದ್ರೂ ಸಿಗಲ್ಲ. ಅದೇ ಓಣಿಯಲ್ಲಿ ಅದೇ ಕಥೆ ಕೇಳಿ. ಏನು ಹೇಳ್ತಾರೆ, ಏನು ಮಾಡ್ತಾರೆ, ಎರಡೂ ಪಕ್ಕಪಕ್ಕದಲ್ಲೇ ಸಿಗುತ್ತೆ."

"ಆಕೆ ನಮ್ಮ ಚಿಗವ್ವ, ಸರ್."

"ಅರ್ಥವಾಯ್ತಮ್ಮ. ಅದಕ್ಕೇ ಹೇಳಿದ್ದು. ನೀವು ಮಧ್ಯೆ ಕೈ ಹಾಕಬೇಡಿ. ಮತ್ತೆ, ಮುಖ ಜೋಪಾನ!" ಎಂದು ನಕ್ಕರು.

ಫೋನನ್ನು ಗೋಡೆಗೆ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಬದಲಿಗೆ ಅವರು ಹೇಳಿದಂತೆಯೇ ಮಾಡಿದೆ. ಅವರಿಗಾಗಿ ಅಲ್ಲ. ಈ ಜನ ನನ್ನ ಮುಖ ನೋಡಿ ಏನು ಹೇಳುತ್ತಾರೆ, ಕೇಳಿಯೇ ಬಿಡೋಣ ಎಂಬ ಸಿಟ್ಟಿಗೆ.

ಎದುರುಮನೆಯವಳಿಂದ ಶುರು ಮಾಡಿದೆ. ಚೌಕಾಸಿಯಿಲ್ಲದೆ ಉತ್ತರ ಕೊಟ್ಟಳು. "ತಪ್ಪ್ರಿ ಅದು! ಯಾರಿಗೂ ಹಾನಿ ಆಗಿಲ್ಲಂದ್ರ ಯಾಕ ಕೈ ಬಿಡಬೇಕ್ರಿ? ಪಾಪ, ಆಕಿ ಹ್ಯಾಂಗ ದುಡ್ಕೊಂಡು ತಿನಬೇಕು?" ಹೇಳುವಾಗ ಅವಳ ಕಣ್ಣು ನಿಜವಾಗಿಯೂ ತೇವವಾಯಿತು. ಅವಳ ಹೆಗಲ ಹಿಂದೆ, ಓಣಿಯಾಚೆ, ಚಿಗವ್ವನ ಬಾಗಿಲು ಕಾಣುತ್ತಿತ್ತು. ಪಕ್ಕದ ಮನೆಯಲ್ಲಿ ಕೇಳಿದೆ: ತಪ್ಪು. ಅದರ ಪಕ್ಕದಲ್ಲಿ ಕೇಳಿದೆ: ಘೋರ ತಪ್ಪು, ದೇವರು ಮೆಚ್ಚುವುದಿಲ್ಲ. ಇಡೀ ಓಣಿಯಲ್ಲಿ ಒಬ್ಬರೂ ಸರಿ ಎನ್ನಲಿಲ್ಲ. ಒಬ್ಬರೂ ಚಿಗವ್ವನ ಕಡೆ ತಿರುಗಿ ನೋಡಲಿಲ್ಲ. ಇಂಥ ನೀತಿವಂತರ ನಡುವೆ ಹುಟ್ಟಿದ್ದೇನೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ.

ಸಂಜೆ ದೊಡ್ಡಮನೆಗೆ ಹೋದೆ. ಅಣ್ಣಾರು ಪಡಸಾಲೆಯಲ್ಲಿ ಸೀರೆ ಮಡಿಚುತ್ತಿದ್ದರು. "ಬಾ ತಂಗಿ, ಕುಂಡ್ರು. ಚಾ ತರ್ರೆವಾ ಒಳಗಿಂದ" ಎಂದರು. ಕಥೆ ಪೂರ್ತಿ ಕೇಳಿದರು. ಟವಲಿನಿಂದ ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಮಾತಾಡುವ ದನಿಯಲ್ಲಿ ಹೇಳಿದರು:

"ನೋಡು ತಂಗಿ, ಮನುಷ್ಯಾ ಮನುಷ್ಯಾಗ ಆಗಬೇಕು. ಪದ್ಧತಿ ಅನ್ನೂದು ನಾವು ಮಾಡಿದ್ದು. ಹೊಟ್ಟಿ ದೇವರು ಮಾಡಿದ್ದು. ಒಬ್ಬರ ಹೊಟ್ಟಿ ಮ್ಯಾಲ ಹೊಡೀಬಾರ್ದು. ಆ ಮಂದಿ ಮಾಡಿದ್ದು ಬರೋಬ್ಬರಿ ತಪ್ಪು. ರೆಕಾಡ್ ಆತೇನು?"

"ಆತ್ರಿ."

ನನ್ನ ಹುಬ್ಬು ಏರಲಿಲ್ಲ. ತುಟಿ ಬಿಗಿಯಲಿಲ್ಲ. ದವಡೆ ಮಾತ್ರ ನೋಯುತ್ತಿತ್ತು. ಇಷ್ಟು ವರ್ಷ ನನ್ನ ವಿದ್ಯೆ ಎಂದುಕೊಂಡಿದ್ದ ಆ ಮುಖ ಅಂದು ಇಂಥವರಿಗೆ ಒರಗಲು ಹಾಕಿಕೊಟ್ಟ ದಿಂಬಿನಂತೆ ಅನಿಸಿತು.

ಆಗ ಒಳಕೋಣೆಯಿಂದ ದನಿ ಬಂತು. "ಯಾರಲೇ ಅದು?"

ಅಣ್ಣಾರ ತಂದೆ, ತೀರಿಹೋದ ಅಜ್ಜಿಯ ಗಂಡ. ಹೆಂಡತಿ ಹೋದಂದಿನಿಂದ ಹೊರಗೆ ಬಂದಿರಲಿಲ್ಲ, ಹೊರಸಿನ ಮೇಲೇ ಮಲಗಿರುತ್ತಿದ್ದ.

"ಸಾಲಿ ಅಕ್ಕೋರು ಬಂದಾರ. ನೀ ಮಲಕೋ" ಎಂದರು ಅಣ್ಣಾರು. ಕಲಿತವಳೆಂದು ಓಣಿಯವರು ನನ್ನನ್ನು ಕರೆಯುವುದು ಹಾಗೆ.

"ಏನ ಕೇಳಾಕತ್ತಾಳಾಕಿ? ನನ್ನೂ ಕೇಳ ಅನ್ನು. ನಾನೇನು ಸತ್ತೀನೇನು?"

ಒಳಗೆ ಹೋಗಿ ಹೊರಸಿನ ಪಕ್ಕ ಕೂತು ಅದೇ ಕಥೆ ಹೇಳಿದೆ. ಅಜ್ಜ ಕಿವಿಗೆ ಕೈ ಹಚ್ಚಿ ಕೇಳಿದ.

"ಯಾವೂರಾಗ ಆತಿದು?"

"ಇದು ಕಥಿ, ಅಜ್ಜಾ."

"ಆಕಿ ಏನ್ ಪದ್ಧತಿ ಮುರದ್ಲು?"

"ಯಾವುದೋ ಒಂದು."

"ಯಾವುದೋ ಒಂದಂದ್ರ ಹ್ಯಾಂಗ ಹೇಳ್ಲಿ? ಈಗ ನಿಮ್ಮ ಚಿಗವ್ವನ್ನಽ ತಗೋ. ನಮ್ಮಾಕಿ ಹೆಣಾ ಮನ್ಯಾಗಿತ್ತು, ಆಕಿ ಮಗ್ಗ ನಡಸಿದ್ಲು. ಅದು ಮುರದಂಗೇನು? ನಾನಽ ಹೇಳಿ ಕಳಿಸಿದ್ದೆ. ನಮ್ಮಾಕಿ ಹಾಸಿಗಿ ಹಿಡದಾಗಽ ನಿಮ್ಮ ಚಿಗವ್ವಗ ಹೇಳಿದ್ಲು, 'ನೀ ನೇದ ಸೀರಿ ಉಟ್ಕೊಂಡಽ ಹೋಗತೀನಿ ನೋಡು' ಅಂತ. ಜೀವ ಹೋದಾಗ ಸೀರಿ ಇನ್ನಾ ಗೇಣು ಉಳದಿತ್ತು. ಅದನ್ನ ಮುಗಿಸಿ, ಮಗ್ಗದಿಂದ ಕೊಯ್ದು, ಸೆರಗಿನಾಗ ಮುಚಗೊಂಡು ಹಿತ್ತಲ ಬಾಗಲಾಗ ತಂದು ಕೊಟ್ಲು. ಉಡಿಸಿ ಕಳಿಸಿದ್ವಿ." ಅಜ್ಜ ಉಸಿರು ತೆಗೆದುಕೊಂಡ. "ಯಾಕ, ಆಕಿ ಕೆಲಸಕ್ಕ ಕೈ ಹಚ್ಚೂದು ಬಿಟ್ಟಾರೇನು ಯಾರರೆ?"

ಅವನಿಗೆ ಗೊತ್ತಿರಲಿಲ್ಲ. ಹೊರಸಿನ ಮೇಲಿದ್ದವನಿಗೆ ಯಾರೂ ಹೇಳಿರಲಿಲ್ಲ.

ಅಣ್ಣಾರು ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ತಿರುಗಿ ಅವರ ಮುಖ ನೋಡಿದೆ. ನನ್ನ ಮುಖ ಆಗ ಹೇಗಿತ್ತೋ ನನಗೆ ತಿಳಿಯದು. ಅವರು ಒಂದು ಹೆಜ್ಜೆ ಹಿಂದೆ ಸರಿದದ್ದು ಮಾತ್ರ ನೆನಪಿದೆ.

"ಇಳಕಲ್ಲಿನ ಸೀರಿ ಅಂದಿದ್ರಲ್ಲ, ಅಣ್ಣಾರ?"

"ಅಪ್ಪಗ ಅರುವು ಮರುವು, ತಂಗಿ. ವಯಸ್ಸಾತಲ್ಲ, ಏನರೆ ಅಂತಾನ."

"ಅರುವು ಮರುವು ನಿನಗಲೇ!" ಎಂದ ಅಜ್ಜ, ಹೊರಸಿನಿಂದಲೇ. "ಬೀಗರ ಮುಂದ ಇಳಕಲ್ಲ ಅಂದ್ಯಾ? ನಿಮ್ಮವ್ವ ಉಟ್ಟ ಸೀರಿ ಮ್ಯಾಲ ಸುಳ್ಳಾಡಿದ್ಯಾ?"

ನಾನು ಹೊರಗೆ ಬಂದೆ. ಸೀದಾ ಚಿಗವ್ವನ ಹತ್ತಿರ ಹೋಗಿ, "ಯಾಕ ಹೇಳಲಿಲ್ಲ? ಮೊದ್ಲ ದಿನಾನಽ ಕಟ್ಟಿ ಮುಂದ ನಿಂತು ಹೇಳಬೇಕಿಲ್ಲ?" ಎಂದು ಕೂಗಾಡಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಮಣ್ಣಿಗೆ ಕೊಟ್ಟಿದ್ದು ಕೊಟ್ಟಾಕಿ ಬಾಯಾಗ ಬರಬಾರ್ದು. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಸತ್ತವರ ಮೈಮೇಲೆ ಹೋಗುವುದನ್ನು ಕೊಟ್ಟವರು 'ನಾನು ಕೊಟ್ಟೆ' ಎನ್ನಬಾರದು, ಎಂದರೆ ಕೊಟ್ಟದ್ದು ಸತ್ತವರಿಗೆ ಮುಟ್ಟುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ತೆಗೆದುಕೊಂಡ ಮನೆಯವರೇ ನಾಲ್ಕು ಜನರ ಮುಂದೆ ಹೇಳಬೇಕು, 'ಇಂಥವರ ಸೀರೆ, ಇಂಥವರ ಹೂವು' ಎಂದು. ಅವರು ಹೇಳುತ್ತಾರೆಂಬ ಭರವಸೆಯ ಮೇಲೆ ಇವರು ಬಾಯಿ ಮುಚ್ಚಿಕೊಳ್ಳುವುದು. ಆ ಭರವಸೆಯನ್ನೇ ಅವನು ಬೀಗರ ಮುಂದಿನ ಒಂದು ದೊಡ್ಡಸ್ತಿಕೆಗೆ ನುಂಗಿದ್ದ. ಒಂದು ಸುಳ್ಳು ಬಾಯಿ ತಪ್ಪಿ ಬಂತು ಅನ್ನೋಣ. ಆದರೆ ಆ ಮೇಲೆ ಕಟ್ಟೆಯಲ್ಲಿ ಕೂತು, 'ಸತ್ತವರಿಗೆ ಮರ್ಯಾದಿ' ಎಂದನಲ್ಲ! ತನ್ನ ತಾಯಿಗೆ ಸೀರೆ ಉಡಿಸಿದವಳ ಬಗ್ಗೆ!

"ಅಂವ ಹೇಳಲಿಲ್ಲಲ್ಲ!" ಎಂದೆ.

"ಅದು ಅವನ ಪಾಪ. ನಾ ಯಾಕ ಹೊತ್ಕೊಳ್ಳಿ? ಅಜ್ಜಿಗೆ ಸೀರಿ ಮುಟ್ಟಬೇಕಲ್ಲ."

ಅವಳ ಮೇಲೂ ಸಿಟ್ಟು ಬಂತು. ಮಗ್ಗ ಹೋದರೂ ಸರಿ, ಸತ್ತವಳಿಗೆ ಸೀರೆ ಮುಟ್ಟಬೇಕಂತೆ. ಆಗಲೇ ಎದುರುಮನೆಯವಳು ನಮ್ಮ ಗದ್ದಲ ಕೇಳಿ ಹೊಸ್ತಿಲಿಗೆ ಬಂದಿದ್ದಳು. ನಾನು ಅವಳನ್ನೇ ಹಿಡಿದೆ. "ನೀವೂ ಮಗ್ಗದವರಽ. ಒಂದು ಸೀರಿ ದಡಿ ನೋಡಿದ್ರ ಯಾರ ಕೈದು ಅಂತ ಹೇಳತೀರಿ. ಆವತ್ತ ಅಜ್ಜಿ ಮೈಮ್ಯಾಲಿನ ಸೀರಿ ಕಾಣಲಿಲ್ಲೇನು?"

ಅವಳು ಸೆರಗು ಸರಿಮಾಡಿಕೊಂಡಳು. "ಕಂಡಿತ್ತವಾ. ಯಾರಿಗೆ ಕಂಡಿಲ್ಲ? ಇಸಗೊಂಡಾವರಽ ಇಳಕಲ್ಲ ಅಂದಮ್ಯಾಲ ನಾವ್ಯಾರು ಅಲ್ಲ ಅನ್ನಾಕ? ಬಾಯಿ ತಗದ್ರ ನಾಳಿ ನಮ್ಮ ಹಾಸು ಹಿಡ್ಯಾಕ ಯಾರು ಬರ್ತಾರ?"

ಕಂಡಿತ್ತು. ಎಲ್ಲರಿಗೂ ಕಂಡಿತ್ತು. ಮಧ್ಯಾಹ್ನ ನನ್ನೆದುರು ಕಣ್ಣು ಒದ್ದೆ ಮಾಡಿಕೊಂಡವರಿಗೆಲ್ಲ ಕಂಡಿತ್ತು.

ನಾನು ಮತ್ತೆ ದೊಡ್ಡಮನೆಗೆ ಹೋದೆ. ಸಂಜೆ ಕಟ್ಟೆ ತುಂಬುವ ಹೊತ್ತು. ಅಣ್ಣಾರನ್ನು ದಾಟಿ ಒಳಗೆ ಹೋಗಿ, "ಅಜ್ಜಾ, ಹೊರಗ ಬರ್ತೀರೇನು?" ಎಂದೆ. ಮಧ್ಯೆ ಕೈ ಹಾಕಬೇಡಿ ಎಂದು ಸರ್ ಹೇಳಿದ್ದು ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು.

"ಬಡಗಿ ಕೊಡು" ಎಂದ ಅಜ್ಜ.

ನನ್ನ ರಟ್ಟೆ ಹಿಡಿದು, ಬಡಿಗೆ ಊರುತ್ತ ಕಟ್ಟೆಯವರೆಗೆ ಬಂದ. ಕೂಡ್ರಲಿಲ್ಲ. ನಿಂತೇ ಹೇಳಿದ: "ನಮ್ಮಾಕಿ ಉಟ್ಕೊಂಡು ಹೋದ ಸೀರಿ ಈಕಿ ಚಿಗವ್ವ ನೇದದ್ದು. ಮಗ್ಗ ನಡಸು ಅಂದಾಂವ ನಾನು. ಯಾರಿಗರೆ ಏನರೆ ಅನ್ನೂದಿದ್ರ ನನಗ ಅನ್ರಿ."

ಹಿಂದೆ ಬಂದು ನಿಂತ ಅಣ್ಣಾರು ಕೆಮ್ಮಿ, "ನಾನಽ ಹೇಳಾಂವ ಇದ್ದೆ. ದಿನ ಕಳೀಲಿ ಅಂತ ಸುಮ್ಮಿದ್ದೆ" ಎಂದರು. ಕಟ್ಟೆಯ ಮೇಲಿನ ನಾಲ್ಕು ತಲೆಗಳು 'ಹೌದ್ ಹೌದು' ಎಂದು ಅಲ್ಲಾಡಿದವು. ಅಷ್ಟು ಸುಲಭ.

ಮರುದಿನ ಬಿಸಿಲು ಏರುವ ಮೊದಲೇ ಎರಡನೆಯ ಹಾಸು ಚಾಚಿದೆವು. ಓಣಿಗೆ ಓಣಿಯೇ ಬಂತು. ಎದುರುಮನೆಯವಳು ಒಂದು ಕೈಯಲ್ಲಿ ಮಜ್ಜಿಗೆ ತಂಬಿಗೆ, ಇನ್ನೊಂದು ಕೈಯಲ್ಲಿ ಕುಂಚ ಹಿಡಿದು ಬಂದಳು. "ಸಾಲಿ ಅಕ್ಕೋರ, ಗಂಜಿ ಅಂದ್ರ ಉಪ್ಪಿಟ್ಟಲ್ರಿ, ತೆಳ್ಳಗ ಹಚ್ಚ್ರಿ" ಎಂದು ನನ್ನನ್ನೇ ಚಾಷ್ಟಿ ಮಾಡಿದಳು. ಎಲ್ಲರೂ ನಕ್ಕರು. ಯಾರದೋ ಮದುವೆಯ ಮಾತು ಬಂತು, ಯಾರದೋ ಮೊಬೈಲಿನಲ್ಲಿ ಹಾಡು ಬಂತು. ನಮ್ಮದು ತಪ್ಪಾಯಿತು ಎಂಬ ಒಂದು ಮಾತು ಆ ಉದ್ದದ ಹಾಸಿನ ಯಾವ ತುದಿಯಿಂದಲೂ ಬರಲಿಲ್ಲ. ಅಣ್ಣಾರು ಹೆಗಲಿಗೆ ಟವಲು ಹಾಕಿಕೊಂಡು ಬಂದು ನಡುವೆ ನಿಂತು, "ಜಗ್ಗಿ ಹಿಡೀರಿ, ಆ ಕಡೆ ಸಡ್ಲ ಬಿಟ್ಟೀರಿ" ಎಂದು ಎಲ್ಲರಿಗೂ ಹುಕುಮು ಕೊಡತೊಡಗಿದರು. ಅವರೇ ಕೃಪೆ ಮಾಡಿ ಆ ಹಾಸನ್ನು ಹಿಡಿಸುತ್ತಿರುವಂತೆ ಕಾಣುತ್ತಿತ್ತು.

ಚಹಾ ಆದಾಗ ಚಿಗವ್ವ ಮೊದಲ ಕಪ್ಪು ಅವರಿಗೇ ಕೊಟ್ಟಳು.

ನಾನು ಹಾಸಿನ ತುದಿ ಹಿಡಿದಿದ್ದೆ. ಕೈ ಎಷ್ಟು ಬಿಗಿಯಾಗಿತ್ತೆಂದರೆ ಚಿಗವ್ವ ಕಪ್ಪುಗಳ ತಾಟು ಹಿಡಿದುಕೊಂಡೇ ಓಡಿ ಬಂದಳು. "ಏ ಹುಡುಗಿ, ಸಡ್ಲ ಬಿಡು! ಹರೀತೈತಿ!"

"ಅವಗ ಯಾಕ ಮೊದ್ಲ ಕೊಟ್ಟಿ?"

"ಹಾಸು ಒಣಗೂತನಾ ಸುಮ್ಮಿರು. ಆಮ್ಯಾಲ ಬೈಯಂತಿ."

ಆಮೇಲೆ ಬೈಯಲಿಲ್ಲ. ಹಾಸು ಒಣಗಿ, ಮಗ್ಗಕ್ಕೆ ಏರಿ, ಮಧ್ಯಾಹ್ನಕ್ಕೆ ಖಟಖಟ ಶುರುವಾಗಿತ್ತು. ಆ ಸದ್ದಿನ ಎದುರು ಏನು ಬೈಯಲಿ?

ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ, ಅಜ್ಜನನ್ನು ಕಟ್ಟೆಗೆ ಕರೆತಂದದ್ದನ್ನೂ. ಅವರು, "ಅಯ್ಯೋ, ಕೈ ಹಾಕಿಬಿಟ್ರಲ್ಲ. ಆ ಓಣಿ ಕೆಟ್ಟುಹೋಯ್ತು ಬಿಡಿ. ಅಲ್ಲಿನ ಉತ್ತರಗಳನ್ನು ತೆಗೆದುಹಾಕೋಣ" ಎಂದರು. ಅವರ ಲೆಕ್ಕಕ್ಕೆ ಓಣಿ ಕೆಟ್ಟದ್ದು ನಾನು ಕೈ ಹಾಕಿದ ಮೇಲೆ. "ಸರ್, ಕೆಟ್ಟದ್ದು ನಾನು ಹೋಗೋದಕ್ಕೆ ಮೊದಲೇ" ಎಂದೆ. "ಅದು ಬೇರೆ ಪ್ರಶ್ನೆ" ಎಂದರು. ಇಷ್ಟು ವರ್ಷದಲ್ಲಿ ಅವರ ಮಾತಿಗೆ ಉತ್ತರ ಕೊಡದೆ ನಾನು ಫೋನಿಟ್ಟದ್ದು ಅದೊಂದೇ ಸಲ. ಕೆಲಸ ಬಿಟ್ಟಿಲ್ಲ. ಈಗಲೂ ನರಗುಂದದ ಬಸ್ಸು ಹತ್ತುತ್ತೇನೆ, ಊರಿಲ್ಲದ ಕಥೆ ಹೇಳುತ್ತೇನೆ. 'ಯಾವೂರಾಗ ಆತ್ರಿ' ಎಂದು ಯಾರಾದರೂ ಕೇಳಿದರೆ ಮಾತ್ರ ಈಗ ಮುಖ ಮೊದಲಿನಂತೆ ನಿಲ್ಲುವುದಿಲ್ಲ.

ಶ್ರಾವಣದಲ್ಲಿ ಒಂದು ಮುಂಜಾನೆ ಚಿಗವ್ವನ ಮನೆಯಲ್ಲಿದ್ದೆ. ಓಣಿಯ ಕೊನೆಯಲ್ಲಿ ಅಳು ಎದ್ದಿತು. ಯಾರೋ ಮುದುಕ ಹೋಗಿದ್ದ. ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತ ಬಂದವು. ಎಲ್ಲರಿಗಿಂತ ಮೊದಲು ಲಾಳಿ ಇಟ್ಟವಳು ಚಿಗವ್ವ.

ಅಣ್ಣಾರು ಸಾವಿನ ಮನೆಯ ಕಡೆ ಹೊರಟಿದ್ದರು. ನಮ್ಮ ಬಾಗಿಲ ಮುಂದೆ ಬಂದಾಗ ಅವರ ನಡಿಗೆ ನಿಧಾನವಾಯಿತು. ತಲೆ ಒಂದಿಷ್ಟು ವಾಲಿತು. ನಮ್ಮ ಮಗ್ಗ ನಿಂತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು.

ನಾನು ಎದ್ದು ಹೋಗಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತೆ. ಸಣ್ಣಂದಿನ ರೂಢಿ, ಕಾಲಿಗೆ ತುಳಿಯುವ ಹಲಗೆ ಸಿಕ್ಕಿತು. ಒಂದೇ ಒಂದು ಸಲ ತುಳಿದು ಬಡಿದರೆ ಸಾಕು, ಇಡೀ ಓಣಿಗೆ ಕೇಳುತ್ತದೆ. ಲಾಳಿ ಕೈಗೆ ತೆಗೆದುಕೊಂಡೆ.

ಚಿಗವ್ವ ನನ್ನ ರಟ್ಟೆ ಹಿಡಿದಳು. ಬಡಕಲು ಕೈ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ.

"ಏಳು" ಎಂದಳು. "ಸತ್ತಾಂವ ನಿನಗೇನ್ ಮಾಡ್ಯಾನ?"

ಲಾಳಿ ಇಟ್ಟು ಎದ್ದೆ. ಹೊರಗೆ ಚಪ್ಪಲಿಯ ಸದ್ದು ಮುಂದೆ ಹೋಯಿತು. ಚಿಗವ್ವ ಸೆರಗು ಹೊದ್ದು, "ನಡಿ, ಮಣ್ಣಿಗೆ ಹೋಗೂಣು" ಎಂದಳು. ಅವಳ ಹಿಂದೆ ಹೋದೆ, ಸಿಟ್ಟಿನ ಮುಖವನ್ನು ಇದ್ದ ಹಾಗೇ ಬಿಟ್ಟು.